ಕೆರೆ ಕೋಡಿ ಬಿತ್ತು ಅಂದೆ, ಅವಳು ಕೋಳಿ ಬರೆದಳು

ಚಿಕ್ಕಬಳ್ಳಾಪುರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಪ್ರಾಥಮಿಕ ಶಾಲೆಯ ಮೇಷ್ಟ್ರು, ಮೇಡಂಗಳ ಮುಂದೆ ಆಡಿದ ಮಾತುಗಳಿವು. ಬರೆದುಕೊಡಿ ಅಂತ ಕೆಲವರು ಕೇಳಿದರು. ನೆನಪಿನಿಂದ ಬರೆದಿದ್ದೇನೆ, ಅಲ್ಲಿ ಹೇಳಲು ಬಿಟ್ಟುಹೋದ ಒಂದೆರಡು ಮಾತನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಳ್ಳೆಯ ಮೇಷ್ಟ್ರಿಗೆ ಏನೇನು ಗುಣ ಇರಬೇಕು ಅನ್ನೋದರ ಮೇಲೆ ಮಾತಾಡಿ ಅಂದಿದ್ದಾರೆ. ನಿನ್ನೆ ರಾತ್ರಿ ಕೂತು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆ. ವಿಷಯ ಗೊತ್ತಿರಬೇಕು. ತಾಳ್ಮೆ ಇರಬೇಕು. ಹೊತ್ತಿಗೆ ಸರಿಯಾಗಿ ಬರಬೇಕು. ತಯಾರಿ ಮಾಡಿಕೊಂಡು ಬರಬೇಕು. ಮಕ್ಕಳಲ್ಲಿ ಭೇದ ಮಾಡಬಾರದು. ಬರೆದು ಓದಿಕೊಂಡರೆ ಎಲ್ಲಾ ನಿಜವೇ. ಆದರೆ ಇದನ್ನೆಲ್ಲ ನಿಮಗೆ ಡಿಇಡಿ ತರಬೇತಿಯಲ್ಲೇ ಹೇಳಿಕೊಟ್ಟಿರುತ್ತಾರೆ, ನೀವು ಪರೀಕ್ಷೆಯಲ್ಲಿ ಬರೆದೂ ಬಂದಿರುತ್ತೀರಿ. ಮತ್ತೆ ಅದನ್ನೇ ಕೇಳೋಕೆ ಬಸ್ಸು ಹತ್ತಿ ಇಲ್ಲಿಗೆ ಬರಬೇಕಾ? ಹಾಗಾಗಿ ಆ ಹಾಳೆ ಮನೆಯಲ್ಲೇ ಇಟ್ಟು ಬಂದಿದ್ದೇನೆ. ನನಗೆ ನಿಜಕ್ಕೂ ಮುಖ್ಯ ಅನ್ನಿಸಿದ್ದು ಒಂದೇ ಒಂದು ಗುಣ. ಅದನ್ನು ಕಲಿಯೋಕೆ ನನಗೆ ತುಂಬಾ ವರ್ಷ ಹಿಡಿಯಿತು. ನಿಮಗೆ ಅಷ್ಟು ವರ್ಷ ಹಿಡಿಯಬಾರದು ಅನ್ನೋ ಆಸೆಯಿಂದ ಬಂದಿದ್ದೇನೆ.

ನಾನು ಟಿಸಿಎಚ್ ಅನ್ನುವ ಮೇಷ್ಟ್ರ ತರಬೇತಿ ಮುಗಿಸಿ 1988ರಲ್ಲಿ ಕೆಲಸಕ್ಕೆ ಸೇರಿದೆ. ಆಗ ಇದೆಲ್ಲ ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು. ಹಾಗಾಗಿ ಒಂದು ಜಿಲ್ಲೆಯಲ್ಲಿ ಸೇರಿ ಇನ್ನೊಂದು ಜಿಲ್ಲೆಯಲ್ಲಿ ರಿಟೈರ್ ಆದವನು ನಾನು. ಓಡಾಡಿದ ಹಳ್ಳಿಗಳು ಮಾತ್ರ ಅವೇ: ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆಯವು. ನಿಮಗೆ ಗೊತ್ತೇ ಇದೆ, ಈ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಶಾಲೆಯಲ್ಲಿ ಕನ್ನಡ. ಮಗು ಬೆಳಗ್ಗೆ ಹೊಸಲು ದಾಟಿ ಶಾಲೆಯ ಗೇಟಿಗೆ ಬರೋ ಅಷ್ಟರಲ್ಲಿ ಭಾಷೆ ಬದಲಾಯಿಸಿಕೊಳ್ಳಬೇಕು.

ಈಗ ಕೋಳಿಯ ವಿಷಯಕ್ಕೆ ಬರುತ್ತೇನೆ.

2016ರ ಆಸುಪಾಸು. ಎರಡನೇ ತರಗತಿ. ಮಳೆಯ ಬಗ್ಗೆ ಒಂದು ಚಿಕ್ಕ ಕತೆ ಕಟ್ಟಿ ಹೇಳಿದೆ. ಜೋರು ಮಳೆ ಬಂತು, ಹಳ್ಳ ಹರಿಯಿತು, ಕೆರೆ ತುಂಬಿತು, ಕೆರೆ ಕೋಡಿ ಬಿತ್ತು, ಊರಿನವರೆಲ್ಲ ನೋಡೋಕೆ ಓಡಿದರು ಅಂತ. ಕೈ ಕಾಲು ಆಡಿಸಿಕೊಂಡು ಚೆನ್ನಾಗೇ ಹೇಳಿದೆ. ಈಗ ಇದರ ಚಿತ್ರ ಬರೆಯಿರಿ ಅಂದೆ. ಮಕ್ಕಳು ಬಗ್ಗಿ ಬರೆಯತೊಡಗಿದರು. ನಾನು ಸಾಲುಗಳ ಮಧ್ಯೆ ನಡೆದುಕೊಂಡು ಬಂದೆ. ಒಬ್ಬಳು ಹುಡುಗಿ ನೀಲಿ ಬಣ್ಣದಲ್ಲಿ ಕೆರೆ ಬರೆದಿದ್ದಾಳೆ, ಏರಿ ಬರೆದಿದ್ದಾಳೆ, ಏರಿಯ ಮೇಲೆ ಜನ ನಿಂತಿದ್ದಾರೆ. ಕೆರೆಯ ನಡುವೆ ಒಂದು ಕೋಳಿ. ಕೆಂಪು ಜುಟ್ಟು, ರೆಕ್ಕೆ ಎರಡೂ ಮೇಲಕ್ಕೆ ಎತ್ತಿದೆ, ಮುಳುಗುತ್ತಾ ಇದೆ.

ನಾನು ಆ ಹಾಳೆ ಎತ್ತಿ ಹಿಡಿದು, 'ಕೋಳಿ ಎಲ್ಲಿಂದ ಬಂತಮ್ಮಾ ಇಲ್ಲಿ?' ಅಂದೆ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಕತೆ ಸರಿಯಾಗಿ ಕೇಳಿಸಿಕೋಬೇಕು ಪುಟ್ಟಿ ಅಂತ ಹೇಳಿ ಮುಂದಕ್ಕೆ ಹೋದೆ. ಅವಳು ಏನೂ ಹೇಳಲಿಲ್ಲ. ರಬ್ಬರಿನಿಂದ ಉಜ್ಜಿದಳು. ಬಣ್ಣದ ಪೆನ್ಸಿಲ್ ಅಲ್ಲವಾ, ಹೋಗಲಿಲ್ಲ. ಹಾಳೆ ಹರಿಯಿತು.

ಸಂಜೆ ಬಸ್‌ ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಯಾರೋ ಒಬ್ಬರು ಒಳಗೆ ಬಂದವರೇ 'ಕೋಡಿ ಕೂರ ಉಂದಾ?' ಅಂತ ಕೇಳಿದರು. ಕೋಳಿ ಸಾರು ಇದೆಯಾ ಅಂತ. ಟೀ ಲೋಟ ಕೈಯಲ್ಲೇ ಉಳಿಯಿತು. ಕನ್ನಡದಲ್ಲಿ ಕೋಡಿ ಅಂದರೆ ಕೆರೆಯ ಹೆಚ್ಚಿನ ನೀರು ಹೊರಗೆ ಹರಿದು ಹೋಗುವ ಜಾಗ. ತೆಲುಗಲ್ಲಿ ಕೋಡಿ ಅಂದರೆ ಕೋಳಿ. ಅಕ್ಷರ ಅದೇ, ಉಚ್ಚಾರವೂ ಅದೇ. 'ಕೆರೆ ಕೋಡಿ ಬಿತ್ತು' ಅಂತ ನಾನು ಹೇಳಿದಾಗ ಆ ಮಗುವಿಗೆ ಕೇಳಿಸಿದ್ದು, ಕೆರೆಗೆ ಕೋಳಿ ಬಿತ್ತು ಅಂತ. ಊರವರೆಲ್ಲ ಯಾಕೆ ಓಡಿದರು? ಕೋಳಿ ಎತ್ತೋಕೆ. ಅವಳ ಚಿತ್ರದಲ್ಲಿ ಎಲ್ಲಾ ಸರಿಯಾಗೇ ಇತ್ತು. ಏರಿಯ ಮೇಲಿದ್ದ ಜನ ಕೈ ಚಾಚಿಕೊಂಡು ನಿಂತಿದ್ದರು, ಅದು ಆಮೇಲೆ ನೆನಪಾಯಿತು ನನಗೆ.

ನನಗೆ ತೆಲುಗು ಬರದೇ ಏನಿಲ್ಲ. ಅಂಗಡಿಯಲ್ಲಿ, ಬಸ್ಸಲ್ಲಿ, ಮಕ್ಕಳ ಮನೆಯವರ ಜೊತೆ ದಿನಾ ಆಡುತ್ತಿದ್ದ ಮಾತೇ. ಕೋಡಿ ಅಂದರೆ ಕೋಳಿ ಅಂತ ಗೊತ್ತೇ ಇತ್ತು. ಆದರೂ ಹೊಳೆಯಲಿಲ್ಲ. ಯಾಕೆ ಅಂದರೆ ಆ ಹೊತ್ತಲ್ಲಿ ನನಗೆ ಬೇಕಾಗಿದ್ದು ಸರಿ ಉತ್ತರ. ಅವಳು ಯಾಕೆ ಹಾಗೆ ಬರೆದಳು ಅನ್ನೋದು ನನಗೆ ಬೇಕಾಗಿರಲಿಲ್ಲ.

ಮಾರನೇ ದಿನ ಅವಳನ್ನು ಪಕ್ಕಕ್ಕೆ ಕರೆದು, ನಿನ್ನೆ ನೀನು ಬರೆದಿದ್ದು ಸರಿಯಾಗೇ ಇತ್ತಮ್ಮಾ, ನಾನೇ ಅರ್ಥ ಮಾಡಿಕೊಳ್ಳಲಿಲ್ಲ ಅಂದೆ. ಕ್ಲಾಸಲ್ಲೂ ಎಲ್ಲರ ಮುಂದೆ ಹೇಳಿದೆ. ನಕ್ಕಿದ್ದು ಎಲ್ಲರ ಮುಂದೆ, ಸರಿ ಮಾಡುವುದೂ ಎಲ್ಲರ ಮುಂದೆಯೇ ಆಗಬೇಕಲ್ವಾ? ಆಮೇಲೆ ಕೇಳಿದೆ, ಕೆರೆ ಕೋಡಿ ಹರಿಯೋದನ್ನು ನಿಮ್ಮಲ್ಲಿ ಯಾರು ಯಾರು ನೋಡಿದ್ದೀರಿ ಅಂತ. ಒಂದು ಕೈಯೂ ಏಳಲಿಲ್ಲ. ಹೇಗೆ ಏಳುತ್ತೆ? ಅವರು ಹುಟ್ಟಿದ ಮೇಲೆ ಆ ಕೆರೆ ತುಂಬೇ ಇರಲಿಲ್ಲ. ಅವರ ಪಾಲಿಗೆ ಕೆರೆ ಅಂದರೆ ಜಾಲಿ ಗಿಡ ಬೆಳೆದ, ಕ್ರಿಕೆಟ್ ಆಡುವ ಬಯಲು. ತೆಲುಗಿನ ಮಕ್ಕಳು ಮಾತ್ರ ಅಲ್ಲ, ಕನ್ನಡದ ಮನೆಯ ಮಕ್ಕಳೂ ಆ ಚಿತ್ರವನ್ನು ಸುಮ್ನೆ ಪಕ್ಕದವರದ್ದು ನೋಡಿ ಬರೆದಿದ್ದರು. ಸ್ವಂತವಾಗಿ ಯೋಚನೆ ಮಾಡಿ ಬರೆದವಳು ಇವಳೊಬ್ಬಳೇ. ಅವಳನ್ನೇ ನೋಡಿ ನಾವೆಲ್ಲ ಸೇರಿ ನಕ್ಕಿದ್ದು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ನಾನು ಹೇಳಬೇಕು ಅಂದುಕೊಂಡ ಗುಣ ಇದೇ. ಮಗುವಿನ ತಪ್ಪು ಉತ್ತರ ಕಂಡಾಗ, ಇದು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗುವ ಕುತೂಹಲ. ಕೆಂಪು ಪೆನ್ನು ತೆಗೆಯೋ ಮುಂಚೆ 'ಹೇಗೆ ಮಾಡಿದೆ, ಹೇಳು ನೋಡೋಣ' ಅಂತ ಕೇಳುವ ಅಭ್ಯಾಸ. ಉಳಿದ ಗುಣಗಳೆಲ್ಲ ಇದರ ಹಿಂದೆಯೇ ಬರುತ್ತವೆ ಅಂತ ನನ್ನ ನಂಬಿಕೆ. ತಾಳ್ಮೆ ಬೇಕು ಬೇಕು ಅಂತ ಹೇಳಿದರೆ ತಾಳ್ಮೆ ಬರಲ್ಲ. ಈ ಮಗುವಿನ ತಲೆಯಲ್ಲಿ ಏನು ನಡೀತಿದೆ ಅನ್ನೋ ಆಸಕ್ತಿ ಹುಟ್ಟಿದರೆ ತಾಳ್ಮೆ ತಾನಾಗೇ ಬರುತ್ತದೆ.

ಲೆಕ್ಕದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮೂರನೇ ತರಗತಿಯ ಒಬ್ಬ ಹುಡುಗನ ಪುಸ್ತಕ ನನ್ನ ಕಣ್ಣ ಮುಂದೆ ಇನ್ನೂ ಇದೆ. ಕಳೆಯುವ ಲೆಕ್ಕ. 52ರಲ್ಲಿ 27 ಕಳೆದು 35 ಬರೆದಿದ್ದ. 41ರಲ್ಲಿ 18 ಕಳೆದು 37. 63ರಲ್ಲಿ 35 ಕಳೆದು 32. ಎಲ್ಲವೂ ತಪ್ಪು. ಮೊದಲಿನ ನಾನಾಗಿದ್ದರೆ ಮೂರಕ್ಕೂ ಅಡ್ಡಗೆರೆ ಎಳೆದು, ಗಮನ ಇಟ್ಟು ಮಾಡು ಅಂತ ಬರೆದು ಕಳಿಸುತ್ತಿದ್ದೆ. ಆದರೆ ಒಂದು ಕ್ಷಣ ನೋಡಿ ಆ ಉತ್ತರಗಳನ್ನು. ಗಮನ ಇಲ್ಲದವನು ಮೂರು ಲೆಕ್ಕವನ್ನು ಮೂರು ಥರ ತಪ್ಪು ಮಾಡುತ್ತಾನೆ. ಇವನು ಮೂರನ್ನೂ ಒಂದೇ ಥರ ತಪ್ಪು ಮಾಡಿದ್ದಾನೆ. ಅಂದರೆ ಅವನ ಹತ್ತಿರ ಒಂದು ನಿಯಮ ಇದೆ.

ಕೂರಿಸಿಕೊಂಡು ಕೇಳಿದೆ. ಅವನು ಬಿಡಿ ಸ್ಥಾನ ತೋರಿಸಿ ಹೇಳಿದ, '7ರಲ್ಲಿ 2 ಹೋದರೆ 5.' ಹತ್ತರ ಸ್ಥಾನ ತೋರಿಸಿ, '5ರಲ್ಲಿ 2 ಹೋದರೆ 3. ಮೂವತ್ತೈದು.' ಅಲ್ಲ ಮಗಾ, 2ರಲ್ಲಿ 7 ಅಲ್ವಾ ಕಳೀಬೇಕು ಅಂದೆ. ಅದಕ್ಕೆ ಅವನು ನನ್ನ ಮುಖ ನೋಡಿ, 'ನೀವೇ ಹೇಳಿದ್ರಲ್ಲ ಸಾರ್, ಚಿಕ್ಕದರಲ್ಲಿ ದೊಡ್ಡದು ಹೋಗಲ್ಲ, ದೊಡ್ಡದರಲ್ಲೇ ಚಿಕ್ಕದು ಕಳೀಬೇಕು ಅಂತ' ಅಂದ.

ಹೌದು, ನಾನೇ ಹೇಳಿದ್ದೆ. ಹಿಂದಿನ ವರ್ಷ, ಎರಡನೇ ತರಗತಿಯಲ್ಲಿ. ಆ ಲೆಕ್ಕಗಳಿಗೆ ಆ ಮಾತು ಸರಿಯಾಗಿತ್ತು. ಹುಡುಗ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಈ ವರ್ಷಕ್ಕೂ ತಂದಿದ್ದ. ನಾನು ಕಲಿಸಿದ್ದನ್ನು ಚೆನ್ನಾಗಿ ಕಲಿತದ್ದಕ್ಕೇ ಅವನ ಲೆಕ್ಕ ತಪ್ಪಾಗಿತ್ತು.

ಜೇಬಿನಿಂದ ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ತೆಗೆದು ಅವನ ಮುಂದಿಟ್ಟೆ. ನಿನ್ನ ಹತ್ತಿರ 52 ರೂಪಾಯಿ ಇದೆ, ನನಗೆ 27 ಕೊಡು ಅಂದೆ. ಎರಡು ನೋಟು ಕೊಟ್ಟ. ಎರಡು ನಾಣ್ಯ ಕೊಟ್ಟ. ಆಮೇಲೆ ನಿಂತ. ಸ್ವಲ್ಪ ಹೊತ್ತು ನೋಟು ನೋಡಿದ, ನನ್ನನ್ನು ನೋಡಿದ. 'ಚಿಲ್ಲರೆ ಬೇಕು ಸಾರ್' ಅಂದ. ಏನು ಮಾಡ್ತೀಯ ಅಂದರೆ, 'ಒಂದು ಹತ್ತು ಮುರಿಸಬೇಕು.'

ನೋಡಿ, ನಾವು ಇದನ್ನು ಪಕ್ಕದ ಮನೆಯಿಂದ ಕಡ ತರೋದು ಅಂತ ಕಲಿಸುತ್ತೇವೆ. ನಮ್ಮ ಮೇಷ್ಟ್ರು ನಮಗೆ ಹಾಗೇ ಕಲಿಸಿದರು, ನಾವೂ ಹಾಗೇ ಕಲಿಸುತ್ತಾ ಬಂದೆವು. ಕಡ ತಂದರೆ ವಾಪಸ್ ಕೊಡಬೇಕಲ್ವಾ? ಈ ಲೆಕ್ಕದಲ್ಲಿ ಯಾರೂ ವಾಪಸ್ ಕೊಡಲ್ಲ. ಅಲ್ಲಿ ನಡೆಯೋದು ಹತ್ತರ ನೋಟು ಮುರಿಸಿ ಹತ್ತು ಬಿಡಿ ಮಾಡಿಕೊಳ್ಳೋದು. ಆ ಮಾತು ಅಂಗಡಿಗೆ ಹೋಗಿ ಬರುವ ಹುಡುಗನ ಬಾಯಲ್ಲೇ ಇತ್ತು. ಅವತ್ತಿನಿಂದ ನಾನು ಕಡ ಅನ್ನೋದನ್ನು ಬಿಟ್ಟೆ, ಮುರಿಸು ಅನ್ನೋದನ್ನೇ ಬಳಸಿದೆ.

ದಶಮಾಂಶವೂ ಅಷ್ಟೇ. 4.5 ದೊಡ್ಡದೋ 4.25 ದೊಡ್ಡದೋ ಅಂತ ಐದನೇ ತರಗತಿಯಲ್ಲಿ ಕೇಳಿ ನೋಡಿ. 25 ದೊಡ್ಡದು, ಅದಕ್ಕೇ 4.25 ದೊಡ್ಡದು ಅಂತ ಎಷ್ಟೋ ಮಕ್ಕಳು ಹೇಳುತ್ತಾರೆ. ಅವರೇ ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದವರು. ನಾಲ್ಕೂವರೆ ಲೀಟರ್ ಹಾಕಿದವರಿಗೆ ಜಾಸ್ತಿ ದುಡ್ಡೋ, ನಾಲ್ಕೂಕಾಲು ಹಾಕಿದವರಿಗೋ ಅಂತ ಕೇಳಿದರೆ ಕಣ್ಣು ಮಿಟುಕಿಸದೆ ಸರಿಯಾಗಿ ಹೇಳುತ್ತಾರೆ. ಡೈರಿಯಲ್ಲಿ ಗೊತ್ತಿರೋದು ಕ್ಲಾಸಿನ ಬಾಗಿಲಲ್ಲಿ ಯಾಕೆ ನಿಂತುಬಿಡುತ್ತದೆ? ಅದನ್ನು ಒಳಗೆ ಕರೆದುಕೊಂಡು ಬರುವುದು ನಮ್ಮ ಕೆಲಸ.

ವಿಷಯ ಜ್ಞಾನದ ಬಗ್ಗೆ ಒಂದು ಮಾತು. ಮಕ್ಕಳನ್ನು ಪ್ರೀತಿಸಿದರೆ ಸಾಕು, ವಿಷಯ ಅಷ್ಟಕ್ಕಷ್ಟೇ ಇದ್ದರೂ ನಡೆಯುತ್ತದೆ ಅನ್ನುವವರನ್ನು ನಾನು ಒಪ್ಪಲ್ಲ. ದಶಮಾಂಶ ನಮಗೇ ಅಷ್ಟಕ್ಕಷ್ಟೇ ಗೊತ್ತಿದ್ದರೆ ಆ ಹುಡುಗ ಎಲ್ಲಿ ಎಡವಿದ ಅಂತ ಹೇಗೆ ಕಾಣುತ್ತದೆ? ಆದರೆ ಎಂಎಸ್ಸಿ ಮಾಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅಂತಲೂ ಇಲ್ಲ. ಅಮೆರಿಕದ ಲೀ ಶುಲ್ಮನ್ ಅನ್ನುವ ಶಿಕ್ಷಣ ತಜ್ಞರು 1986ರಲ್ಲಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟರು. ವಿಷಯ ಗೊತ್ತಿರೋದು ಒಂದು, ಕಲಿಸುವ ಸಾಮಾನ್ಯ ವಿಧಾನ ಗೊತ್ತಿರೋದು ಇನ್ನೊಂದು. ಇವೆರಡರ ಮಧ್ಯೆ ಮೇಷ್ಟ್ರಿಗೆ ಮಾತ್ರ ಬೇಕಾದ ಮೂರನೇ ತಿಳಿವಳಿಕೆ ಒಂದಿದೆ ಅಂದರು. ಈ ಪಾಠದಲ್ಲಿ ಮಕ್ಕಳಿಗೆ ಯಾವುದು ಕಷ್ಟ, ಯಾವ ತಪ್ಪು ಕಲ್ಪನೆ ಇಟ್ಟುಕೊಂಡು ಬರುತ್ತಾರೆ, ಯಾವ ಉದಾಹರಣೆ ಕೊಟ್ಟರೆ ಬಿಡಿಸಿಕೊಳ್ಳುತ್ತದೆ, ಅದು. ಇಂಜಿನಿಯರಿಗೆ 52ರಲ್ಲಿ 27 ಕಳೆಯೋಕೆ ಬಂದರೆ ಸಾಕು. ಉತ್ತರ 35 ಯಾಕೆ ಬರುತ್ತದೆ ಅನ್ನೋದೂ ನಮಗೆ ಗೊತ್ತಿರಬೇಕು.

ಇದನ್ನು ತಿಳಿಯೋಕೆ ಇರುವ ದಾರಿ ಕೇಳುವುದು. ಕೇಳಿ, ಆಮೇಲೆ ಸುಮ್ಮನಿರುವುದು. ಈ ಸುಮ್ಮನಿರುವುದೇ ಕಷ್ಟ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ ತುಂಬಾ ಕ್ಲಾಸುಗಳಲ್ಲಿ ಮಾತು ರೆಕಾರ್ಡ್ ಮಾಡಿ ಅಳೆದು ನೋಡಿದರು. 1970ರ ದಶಕದಲ್ಲಿ ಅದರ ಬಗ್ಗೆ ಬರೆದರು. ಮೇಷ್ಟ್ರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸುಮಾರು ಒಂದೇ ಒಂದು ಸೆಕೆಂಡ್ ಅಂತ ಗೊತ್ತಾಯಿತು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರ ಉದ್ದ ಆಗುತ್ತದೆ, ಗೊತ್ತಿಲ್ಲ ಅನ್ನುವುದು ಕಡಿಮೆ ಆಗುತ್ತದೆ, ಬಾಯಿ ಬಿಡದ ಮಕ್ಕಳೂ ಬಿಡುತ್ತಾರೆ.

ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸುತ್ತದೆ. ನಾಳೆ ಕ್ಲಾಸಲ್ಲಿ ಮನಸ್ಸಲ್ಲೇ ಒಂದು, ಎರಡು, ಮೂರು ಅಂತ ಎಣಿಸಿ ನೋಡಿ. ತುಂಬಾ ಉದ್ದ ಅನ್ನಿಸುತ್ತದೆ. ಮುಂದಿನ ಬೆಂಚಿನ ಜಾಣ ಹುಡುಗ ಕೈ ಎತ್ತಿಕೊಂಡು 'ಸಾರ್ ಸಾರ್' ಅಂತ ಎಗರುತ್ತಿರುತ್ತಾನೆ. ನಮಗೂ ಅವನಿಂದ ಉತ್ತರ ತಗೊಂಡು ಮುಂದಕ್ಕೆ ಹೋಗುವ ಆತುರ. ಆದರೆ ನಮ್ಮ ಕಡೆಯ ಮಗು ಆ ಮೂರು ಸೆಕೆಂಡಲ್ಲಿ ಎಷ್ಟು ಕೆಲಸ ಮಾಡಬೇಕು ಅಂತ ಯೋಚಿಸಿ. ಕನ್ನಡದಲ್ಲಿ ಕೇಳಿಸಿಕೊಂಡು, ತೆಲುಗಲ್ಲಿ ಅರ್ಥ ಮಾಡಿಕೊಂಡು, ತೆಲುಗಲ್ಲೇ ಯೋಚನೆ ಮಾಡಿ, ಅದನ್ನು ಕನ್ನಡಕ್ಕೆ ತಿರುಗಿಸಿ, ತಪ್ಪಾದರೆ ನಗುತ್ತಾರೇನೋ ಅನ್ನುವ ಭಯ ನುಂಗಿಕೊಂಡು ಬಾಯಿ ತೆಗೆಯಬೇಕು. ಮೂರು ಸಾಲದು ಅಂತ ನಾನು ಐದು ಎಣಿಸುತ್ತಿದ್ದೆ.

ಭಯದ ಮಾತು ಬಂತಲ್ಲ. ನಾನು ಸೇರಿದ ಹೊಸದರಲ್ಲಿ ಕೋಲು ಹಿಡಿದೇ ಕ್ಲಾಸಿಗೆ ಹೋಗುತ್ತಿದ್ದೆ. ಆಗ ಎಲ್ಲರೂ ಹಿಡಿಯುತ್ತಿದ್ದರು. ಎಲ್ಲರೂ ಹಿಡಿಯುತ್ತಿದ್ದರು ಅನ್ನೋದು ಕಾರಣ ಆಗಲ್ಲ. ಅವತ್ತು ಹೊಡೆದ ಮಕ್ಕಳ ಕ್ಷಮೆ ಕೇಳುವ ಅವಕಾಶ ನನಗೆ ಸಿಕ್ಕಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಕಾಯ್ದೆ ಇರಲಿ, ಕಲಿಕೆಯ ಲೆಕ್ಕದಲ್ಲೇ ನೋಡಿ. ಹೆದರಿದ ಮಗು ತಪ್ಪು ಮಾಡುವುದನ್ನು ಬಿಡಲ್ಲ, ತಪ್ಪು ತೋರಿಸುವುದನ್ನು ಬಿಡುತ್ತದೆ. ಪಕ್ಕದವನದ್ದು ನೋಡಿ ಬರೆಯುತ್ತದೆ. ಪುಸ್ತಕವೆಲ್ಲ ಸರಿ ಉತ್ತರ. ಮಗುವಿನ ತಲೆಯಲ್ಲಿ ಏನಿದೆ ಅಂತ ನೋಡೋಕೆ ಇದ್ದ ಒಂದೇ ಕಿಟಕಿಯೂ ಮುಚ್ಚಿಹೋಯಿತು.

ಎಲ್ಲಾ ತಪ್ಪಿನ ಹಿಂದೆಯೂ ಯೋಚನೆ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ಒಂದು ಹುಡುಗ ಬೋರ್ಡಿನ 6ನ್ನು 8 ಅಂತ, 3ನ್ನೂ 8 ಅಂತ ಬರೆದುಕೊಳ್ಳುತ್ತಿದ್ದ. ಅವನಿಗೆ ಬೇಕಾಗಿದ್ದು ಕನ್ನಡಕ. ಬೆಳಗ್ಗೆ ಏನೂ ತಿನ್ನದೆ ಬಂದ ಮಗು ಹನ್ನೊಂದು ಗಂಟೆಗೆ ತೂಕಡಿಸುತ್ತದೆ, ಬಿಸಿಯೂಟ ಆದಮೇಲೆ ಅದೇ ಮಗು ಚುರುಕಾಗುತ್ತದೆ. ಇದೂ ಹುಡುಕಿಕೊಂಡು ಹೋದರೇನೇ ಗೊತ್ತಾಗುವುದು.

ಹಾಗೆ ಹುಡುಕಿಕೊಂಡು ಹೋಗಿದ್ದು ರೇಷ್ಮೆ ಹುಳ ಸಾಕುವ ಒಂದು ಮನೆಗೆ. ಶಿಡ್ಲಘಟ್ಟದ ಕಡೆಯ ಊರು. ಐದನೇ ತರಗತಿಯ ಒಬ್ಬ ಹುಡುಗ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಮೂರು ನಾಲ್ಕು ದಿನ ಬರುತ್ತಿರಲಿಲ್ಲ. ಬಂದ ಮೇಲೂ ಕ್ಲಾಸಲ್ಲಿ ನಿದ್ದೆ. ಎರಡು ಸಲ ಗದರಿದೆ. ಮೂರನೇ ಸಲ ಮನೆಗೇ ಹೋದೆ. ಹುಳ ಹಣ್ಣಾಗಿತ್ತು. ರೇಷ್ಮೆ ಸಾಕುವ ಮನೆಯವರಿಗೆ ಇದರ ಅರ್ಥ ಗೊತ್ತು. ಹುಳ ಹಣ್ಣಾಯಿತು ಅಂದರೆ ಗೂಡು ಕಟ್ಟೋಕೆ ತಯಾರಾಯಿತು. ಆಗ ಹಗಲು ರಾತ್ರಿ ಅಂತ ನೋಡದೆ ಒಂದೊಂದೇ ಹುಳ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋಕೆ ಇಡುವ ಬಿದಿರಿನ ತಟ್ಟೆಗೆ, ಬಿಡಬೇಕು. ತಡವಾದರೆ ಸಿಕ್ಕ ಸಿಕ್ಕ ಕಡೆ ಗೂಡು ಕಟ್ಟಿ ಎಲ್ಲಾ ಹಾಳು. ಆ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಕೂತಿದ್ದರು, ಇವನೂ ಕೂತಿದ್ದ.

ನನ್ನನ್ನು ನೋಡಿ ಹೆದರಿ ಎದ್ದು ನಿಂತ. ಕೂತ್ಕೋ ಅಂದೆ, ನಾನೂ ಕೂತೆ. ಹಣ್ಣಾಗಿದೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಒಂದು ಹುಳ ಬೆರಳ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದ. ನೋಡಿ ಸಾರ್, ಸೊಪ್ಪು ತಿನ್ನೋದು ಬಿಟ್ಟಿದೆ, ಮೈ ಹೊಳೀತಾ ಇದೆ, ತಲೆ ಎತ್ತಿ ಆಡಿಸ್ತಾ ಇದೆ ಅಂದ. ಅರ್ಧ ಕನ್ನಡ, ಅರ್ಧ ತೆಲುಗು. ನಾಲ್ಕು ಸಲ ಜ್ವರಕ್ಕೆ ಕೂರುತ್ತೆ, ಆಗ ಸೊಪ್ಪು ಹಾಕಬಾರದು, ಜ್ವರ ಎದ್ದಮೇಲೆ ಹಾಕಬೇಕು ಅಂದ. ಜ್ವರ ಅಂದರೆ ಹುಳ ಪೊರೆ ಬಿಡುವುದು. ನಾಲ್ಕನೇ ಜ್ವರ ಎದ್ದರೆ ಎಷ್ಟು ಸೊಪ್ಪು ಹಾಕಿದರೂ ಸಾಲಲ್ಲ, ತಿನ್ನೋ ಸದ್ದು ಮಳೆ ಬಂದ ಹಾಗೆ ಕೇಳುತ್ತೆ ಅಂದ. ಕ್ಲಾಸಲ್ಲಿ ಒಂದು ವಾಕ್ಯ ಪೂರ್ತಿ ಮಾಡದ ಹುಡುಗ ಅವತ್ತು ಇಪ್ಪತ್ತು ನಿಮಿಷ ನಿಲ್ಲಿಸದೆ ಮಾತಾಡಿದ.

ಆ ವಾರವೇ ನಾನು ಕೀಟಗಳ ಜೀವನ ಚಕ್ರ ಪಾಠ ಮಾಡಿದ್ದೆ. ಲಾರ್ವಾ, ಪ್ಯೂಪಾ ಅಂತ ಬೋರ್ಡಲ್ಲಿ ಬರೆಸಿ ಬಾಯಿಪಾಠ ಮಾಡಿಸಿದ್ದೆ. ಅದರ ಕಿರುಪರೀಕ್ಷೆಯಲ್ಲಿ ಇವನಿಗೆ ಸೊನ್ನೆ ಬಂದಿತ್ತು. ಮನೆಯಲ್ಲಿ ಸಾವಿರಾರು ಲಾರ್ವಾ ಸಾಕಿಕೊಂಡಿರುವ ಹುಡುಗನಿಗೆ ಸೊನ್ನೆ! ಮುಂದಿನ ವಾರ ಆ ಪಾಠವನ್ನು ಅವನ ಕೈಯಲ್ಲೇ ಮತ್ತೆ ಮಾಡಿಸಿದೆ. ಮೊಟ್ಟೆ, ಹುಳ, ಗೂಡು, ಚಿಟ್ಟೆ ಅಂತ ಅವನು ಹೇಳಿದ, ಪಕ್ಕದಲ್ಲಿ ಪುಸ್ತಕದ ಪದ ನಾನು ಬರೆದೆ. ಒಂದು ಗೂಡು ತಂದು ಬಿಸಿನೀರಲ್ಲಿ ನೆನೆಸಿ ಎಳೆ ಹಿಡಿದು ಶಾಲೆಯ ಅಂಗಳದಲ್ಲಿ ಸುತ್ತತೊಡಗಿದರು. ಒಂದು ಗೂಡಲ್ಲಿ ಸುಮಾರು ಸಾವಿರ ಮೀಟರ್ ಎಳೆ ಇರುತ್ತದೆ ಅಂದರೆ ಯಾರೂ ನಂಬಿರಲಿಲ್ಲ. ಪೂರ್ತಿ ಬಿಚ್ಚೋಕೆ ಆಗಲಿಲ್ಲ, ಮಧ್ಯೆ ಕಿತ್ತುಹೋಯಿತು, ಆದರೆ ಅಂಗಳವಂತೂ ಎಷ್ಟೋ ಸಲ ಸುತ್ತಾಯಿತು.

ಹುಡುಗ ಶಾಲೆ ತಪ್ಪಿಸಿ ರಾತ್ರಿಯೆಲ್ಲ ಕೆಲಸ ಮಾಡುವುದು ಸರಿ ಅಂತ ನಾನು ಹೇಳಲ್ಲ. ಮನೆಯವರ ಜೊತೆ ಅದಕ್ಕೂ ಮಾತಾಡಿದೆ, ಒಂದು ಮಟ್ಟಿಗೆ ಒಪ್ಪಿದರು. ಆದರೆ ಆ ಮನೆಗೆ ಹೋಗದೆ ಇದ್ದಿದ್ದರೆ ಅವನನ್ನು ದಡ್ಡ ಅಂತಲೇ ಮುಂದಿನ ಕ್ಲಾಸಿಗೆ ಕಳಿಸುತ್ತಿದ್ದೆ.

ಈಗ ನನಗೆ ಸಿಟ್ಟು ಬರಿಸುವ ಒಂದು ಮಾತು. ಸ್ಟಾಫ್ ರೂಮಿನಲ್ಲಿ ನಿಮಗೂ ಕೇಳಿಸುತ್ತದೆ. 'ಮನೇಲಿ ತೆಲುಗು, ಅಪ್ಪ ಅಮ್ಮ ಕೂಲಿ, ಇವಕ್ಕೆಲ್ಲ ಎಲ್ಲಿ ಬರುತ್ತೆ ಸಾರ್, ಸಹಿ ಹಾಕೋಕೆ ಬಂದರೆ ಸಾಕು.' ಹೊಸಬರು ನೀವು, ಹಿರಿಯರು ಹೇಳಿದರು ಅಂತ ತಲೆ ಆಡಿಸಬೇಡಿ. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ 1920ರಲ್ಲಿ ಒಂದು ಬಡವರ ಮನೆಯಲ್ಲಿ ಹುಟ್ಟಿದ ಹುಡುಗ, 1935ರಲ್ಲಿ ಓದಬೇಕು ಅಂತ ನಡೆದುಕೊಂಡೇ ಬೆಂಗಳೂರಿಗೆ ಹೋಗಿ ನ್ಯಾಷನಲ್ ಹೈಸ್ಕೂಲ್ ಸೇರಿದ. ಎಚ್. ನರಸಿಂಹಯ್ಯನವರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿ ಬಂದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಇಷ್ಟಾದರೂ ಉಳಿದಿದ್ದು ಕಾಲೇಜಿನ ಹಾಸ್ಟೆಲ್ ರೂಮಿನಲ್ಲಿ. ಬಾಗೇಪಲ್ಲಿಗೂ ಗೌರಿಬಿದನೂರಿಗೂ ಕಾಲೇಜು ಬರೋಕೆ ಅವರೇ ಕಾರಣ. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ ಅನ್ನೋದನ್ನು ಬದುಕಿಡೀ ವಿದ್ಯಾರ್ಥಿಗಳಿಗೆ ಹೇಳಿದರು. ಆ ಹುಡುಗನ ವಿಷಯದಲ್ಲೂ ಯಾರಾದರೂ 'ಸಹಿ ಹಾಕೋಕೆ ಬಂದರೆ ಸಾಕು' ಅಂದುಕೊಂಡಿದ್ದರೆ?

ಎಲ್ಲರೂ ಎಚ್.ಎನ್. ಆಗಬೇಕಿಲ್ಲ. ಆದರೆ ಯಾವ ಮಗು ಏನಾಗುತ್ತದೆ ಅಂತ ಒಂದನೇ ತರಗತಿಯಲ್ಲೇ ತೀರ್ಮಾನ ಮಾಡೋಕೆ ನಾವ್ಯಾರು?

ನಲಿಕಲಿ, ಅಂದರೆ ಚಿಕ್ಕ ತರಗತಿಯ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ, ಅದರ ಬಗ್ಗೆಯೂ ಹೇಳಬೇಕು, ನಿಮ್ಮಲ್ಲಿ ಎಷ್ಟೋ ಜನ ಅದನ್ನೇ ಮಾಡುತ್ತಿದ್ದೀರಿ. ಏಣಿ, ಮೆಟ್ಟಿಲು, ತಟ್ಟೆ, ಕಾರ್ಡು ಅಂತ ನಿಮಗೆ ರೇಜಿಗೆ ಹಿಡಿದಿರಬಹುದು. ಅದು ಮೇಲಿನಿಂದ ಬಂದ ಆದೇಶ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನಮ್ಮ ಶ್ರೀನಿವಾಸಪುರದ ಗಡಿ ದಾಟಿದರೆ ಮದನಪಲ್ಲಿ, ಅದರ ಹತ್ತಿರ ರಿಷಿ ವ್ಯಾಲಿ ಶಾಲೆ. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ತಮ್ಮ ತಮ್ಮ ವೇಗದಲ್ಲಿ ಕಾರ್ಡು ಹಿಡಿದು ಕಲಿಯುತ್ತಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಅಲ್ಲಿಗೆ ಹೋಗಿ ನೋಡಿ, ಊರಿಗೆ ಬಂದು ತಾವೇ ಕನ್ನಡದಲ್ಲಿ ಕಾರ್ಡು ಬರೆದು ಶುರು ಮಾಡಿದರು. ಅಂದರೆ ನಲಿಕಲಿ ಮಾಡಿದ್ದು ನಮ್ಮಂಥ ಮೇಷ್ಟ್ರುಗಳೇ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದೇ: ಮೂರು ದಿನ ಬಾರದ ಮಗು ನಾಲ್ಕನೇ ದಿನ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡಬಹುದು. ಹುಳ ಸಾಕುವ ಮನೆಯ ಮಗುವಿಗೆ ಇದಕ್ಕಿಂತ ಏನು ಬೇಕು? ಕಾರ್ಡು ಹಂಚಿ ರಿಜಿಸ್ಟರ್ ತುಂಬಿಸುತ್ತಾ ಕೂತರೆ ಮಾತ್ರ ಅದರಿಂದ ಏನೂ ಪ್ರಯೋಜನ ಇಲ್ಲ. ಕೆಳಗೆ ಮಕ್ಕಳ ಪಕ್ಕ ಕೂರಲೇಬೇಕು.

ಮಾತು ಮುಗಿದ ಮೇಲೆ ಒಬ್ಬ ಮೇಡಂ ಎದ್ದು ನಿಂತರು. ಬಾಗೇಪಲ್ಲಿ ಕಡೆಯ ಒಂದು ಶಾಲೆ, ಒಂದರಿಂದ ಐದರವರೆಗೆ ಅವರೊಬ್ಬರೇ. 'ಸಾರ್, ನೀವು ಹೇಳಿದ್ದೆಲ್ಲ ನಿಜ. ಆದರೆ ಬಿಸಿಯೂಟ, ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿ ಎಲ್ಲಾ ನಾನೇ ನೋಡಬೇಕು. ಒಂದೊಂದು ಮಗುವಿನ ಪಕ್ಕ ಕೂತು ಹೇಗೆ ಮಾಡಿದೆ ಅಂತ ಕೇಳೋಕೆ ಟೈಮ್ ಎಲ್ಲಿದೆ?' ಹೇಳುವಾಗ ಅವರ ದನಿ ನಡುಗುತ್ತಿತ್ತು.

ಅವರ ಕಷ್ಟ ಸಣ್ಣದಲ್ಲ. ಐದು ತರಗತಿಗೆ ಒಬ್ಬರು ಅನ್ನೋದು ಅನ್ಯಾಯವೇ. ಅದನ್ನು ಅವರ ಒಳ್ಳೆಯತನದಿಂದ ತುಂಬಿಸಿಕೊಳ್ಳಬೇಕು ಅಂತ ಹೇಳುವ ಹಕ್ಕು ನನಗಿಲ್ಲ. ಅಲ್ಲಿ ಇನ್ನೊಬ್ಬರು ಬೇಕು, ಅದನ್ನು ಕೇಳುತ್ತಲೇ ಇರಬೇಕು ಅಂತ ಅವರಿಗೆ ಹೇಳಿದೆ. ಅಲ್ಲಿಯವರೆಗೆ ನಾನು ಮಾಡುತ್ತಿದ್ದ ಒಂದು ಚಿಕ್ಕ ಕೆಲಸ ಹೇಳಿದೆ. ದಿನಕ್ಕೆ ಒಂದೇ ಮಗು, ಒಂದೇ ತಪ್ಪು, ಮೂರು ನಿಮಿಷ. ಊಟಕ್ಕೆ ಸಾಲು ನಿಂತಾಗಲೋ, ಸಂಜೆ ಬೆಲ್ ಹೊಡೆಯುವ ಮುಂಚೆಯೋ. ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಒಂದು ಮಗುವಿನ ತಪ್ಪು ಬಿಡಿಸಿದರೆ ಅದೇ ತಪ್ಪು ಮಾಡುವ ಇನ್ನೂ ನಾಲ್ಕು ಮಕ್ಕಳು ಇದ್ದೇ ಇರುತ್ತಾರೆ, ಅವರದ್ದೂ ಬಿಡಿಸಿದ ಹಾಗೆ.

ಆ ನೋಟ್‌ಬುಕ್ ಜೊತೆಗೇ ತಂದಿದ್ದೆ. ಮೇಡಂ ಮುಂದೆ ಬಂದು ಹಾಳೆ ತಿರುವಿದರು. 2021ರ ನವೆಂಬರಿನ ಹಾಳೆ ಬಂತು. ಆ ತಿಂಗಳು ಬಿದ್ದ ಮಳೆ ನಿಮಗೆ ನೆನಪಿರಬೇಕು, ಎಷ್ಟೋ ವರ್ಷ ಒಣಗಿದ್ದ ನಮ್ಮ ಕೆ​ರೆಗಳೆಲ್ಲ ತುಂಬಿ ಹರಿದವು. ನಮ್ಮ ಊರಿನದೂ ತುಂಬಿತು. ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿದ್ದೆ. ಆ ಹಾಳೆಯಲ್ಲಿ ನಾನು ಬರೆದಿದ್ದು ಇಷ್ಟೇ: 'ಕೋಳಿ ಬರೆದವಳು ಈಗ ಏಳನೇ ತರಗತಿ. ಏರಿಯ ಮೇಲೆ ನಿಂತು ಎರಡನೇ ತರಗತಿಯವರಿಗೆ ಕೋಡಿ ತೋರಿಸುತ್ತಿದ್ದಳು. ಮೊದಲು ತೆಲುಗಲ್ಲಿ ಹೇಳಿದಳು, ಆಮೇಲೆ ಕನ್ನಡದಲ್ಲಿ.'